ನಾನು ಅಳಿಸಿದ ಹತ್ತು ನಲವತ್ತರ ಬಸ್ಸು

ಎರಡು ತಿಂಗಳ ಹಿಂದೆ ನಾನು ಒಂದು ಬಸ್ಸನ್ನು ಡಿಲೀಟ್ ಮಾಡಿದೆ.

ಮಳವಳ್ಳಿಯಿಂದ ಮಂಡ್ಯಕ್ಕೆ ಬರುವ ಹತ್ತು ನಲವತ್ತರ ಪ್ರೈವೇಟ್ ಬಸ್ಸು. ಕೆಂಪು ಬಣ್ಣ, ಕಂಡಕ್ಟರ್ ರಾಜಣ್ಣ, ಒಳಗೆ ನಿಂತವರೂ ಕೂತವರೂ ಸೇರಿ ಅರ್ಧ ಊರು, ಡ್ರೈವರ್ ಸೀಟಿನ ಹಿಂದೆ ಒಂದು ನೀಲಿ ಡಬ್ಬಿ. ಎಲ್ಲವನ್ನೂ ಒಂದೇ ಸಾಲಿನ ಕೋಡಿನಲ್ಲಿ ಅಳಿಸಿ, ಟೀ ಕುಡಿಯಲು ಹೋದೆ.

ಗಾಬರಿ ಬೇಡ, ಬಸ್ಸಿಗೇನೂ ಆಗಲಿಲ್ಲ. ಅದು ಎಂದಿನಂತೆ ಹಾರ್ನ್ ಬಾರಿಸಿಕೊಂಡು ಬರುತ್ತಲೇ ಇತ್ತು. ಆದರೆ ಅದು ಬರುತ್ತಿದೆ ಎಂದು ತಿಳಿಯಬೇಕಾದವರಿಗೆ ತಿಳಿಯದಂತೆ ಮಾಡಿದವಳು ನಾನು.

ಈ ಅಂಕಣ ಓದುವವರಿಗೆ ನನ್ನ ಚಾಳಿ ಗೊತ್ತು. ಯಾರು ಏನು ಹೇಳಿದರೂ ‘ಪುರಾವೆ ಏನು?’ ಅನ್ನುವುದು. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಅಂಟಿಸಿಕೊಂಡ ರೋಗ. ವೇದಿಕೆಯ ಮೇಲೆ ಯಾರಾದರೂ ‘ನಾನು ಚಿರಋಣಿ’ ಎಂದರೆ ನಾನು ಅವರ ಮುಂದಿನ ಚುನಾವಣೆ ಯಾವುದು ಎಂದು ಯೋಚಿಸುತ್ತೇನೆ. ಅಂಥವಳು ಈ ವಾರ ಥ್ಯಾಂಕ್ಸ್ ಹೇಳಲು ಕೂತಿದ್ದೇನೆ. (ಪುರಾವೆ ಸಮೇತ.)

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮಂಡ್ಯದಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬ್. ಅದಕ್ಕೆ ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು ಸ್ಯಾಂಪಲ್ ಸೆಂಟರು. ರಕ್ತ ತೆಗೆಯುವುದು ಅಲ್ಲಿ, ಪರೀಕ್ಷೆ ಇಲ್ಲಿ. ಅಲ್ಲಿಯ ಕಂಪ್ಯೂಟರಿನಲ್ಲಿ ರೋಗಿಯ ಹೆಸರು, ವಯಸ್ಸು, ಯಾವ ಟೆಸ್ಟು ಎಂದು ಟೈಪ್ ಮಾಡಿದರೆ ಅದು ಮಂಡ್ಯದ ಸರ್ವರಿಗೆ ಬರುತ್ತದೆ. ಸರ್ವರ್ ಒಂದು ನಂಬರ್ ಕೊಡುತ್ತದೆ. ಆ ನಂಬರನ್ನು ಟ್ಯೂಬಿನ ಮೇಲೆ ಅಂಟಿಸುತ್ತಾರೆ. ಈ ಸಾಫ್ಟ್‌ವೇರ್ ನೋಡಿಕೊಳ್ಳುವವಳು ನಾನು.

ಎರಡು ಕಂಪ್ಯೂಟರುಗಳು ಮಾತಾಡಲು ಅವುಗಳ ನಡುವೆ ಒಂದು ಕರಾರು ಬೇಕು. ಯಾರು ಮೊದಲು ಮಾತಾಡಬೇಕು, ಎಷ್ಟನೇ ಕಾಲಂನಲ್ಲಿ ಏನಿರಬೇಕು, ಉತ್ತರ ಹೇಗೆ ಬರಬೇಕು ಎಂದು. ಇದಕ್ಕೆ ಪ್ರೋಟೊಕಾಲ್ ಅನ್ನುತ್ತೇವೆ. ಪದ ದೊಡ್ಡದು, ವಿಷಯ ಆಫೀಸಿನ ಅರ್ಜಿ ಫಾರಂ ಅಷ್ಟೆ. ನಮ್ಮದು ಹನ್ನೊಂದು ಕಾಲಂಗಳ ಫಾರಂ. ಬರೆದು ಹದಿನೈದು ವರ್ಷವಾಗಿತ್ತು.

ಈ ಫಾರಂ ಬದಲಾಗಲೇಬೇಕಿತ್ತು. ಆ ವಿಷಯದಲ್ಲಿ ಇವತ್ತಿಗೂ ನಾನು ವಾದಕ್ಕೆ ಸಿದ್ಧ. ರೋಗಿಯ ಹೆಸರು, ಕಾಯಿಲೆ ಎಲ್ಲ ಪೋಸ್ಟ್‌ಕಾರ್ಡಿನಲ್ಲಿ ಬರೆದ ಹಾಗೆ ತೆರೆದುಕೊಂಡೇ ಬರುತ್ತಿದ್ದವು. ದಾರಿಯಲ್ಲಿ ಇಣುಕಿದವರಿಗೆಲ್ಲ ಕಾಣುವಂತೆ. ಹಳೆಯದೆಲ್ಲ ಎಷ್ಟು ಚೆನ್ನಾಗಿತ್ತು ಎಂದು ಕಣ್ಣು ತೇವ ಮಾಡಿಕೊಳ್ಳುವವರು ಇದಕ್ಕೆ ಉತ್ತರ ಕೊಡಲಿ: ನಿಮ್ಮ ಶುಗರ್ ಎಷ್ಟಿದೆ ಎಂದು ಊರಿಗೆಲ್ಲ ಗೊತ್ತಾದರೆ ನಿಮಗೆ ಒಪ್ಪಿಗೆಯೇ?

ಹಾಗಾಗಿ ಹೊಸ ಪ್ರೋಟೊಕಾಲ್ ಬರೆದೆ. ಎರಡನೇ ವರ್ಷನ್. ಎಲ್ಲ ಮುಚ್ಚಿದ ಲಕೋಟೆಯಲ್ಲಿ, ಕಾಲಂಗಳು ಚೊಕ್ಕ, ಬೇಡದ್ದಕ್ಕೆ ಕತ್ತರಿ. ಹಳೆಯದರಲ್ಲಿ ಒಂದು ವಿಚಿತ್ರ ಅಭ್ಯಾಸವಿತ್ತು. ಏನು ಕಳಿಸಿದರೂ ಸರ್ವರ್ ತಾನು ಬರೆದುಕೊಂಡಿದ್ದನ್ನು ಪೂರ್ತಿ ತಿರುಗಿ ಓದಿ ಹೇಳುತ್ತಿತ್ತು. ಹನ್ನೊಂದೂ ಕಾಲಂ, ಪ್ರತಿ ಸಲ. ಎಂಥ ದಂಡ! ನನ್ನದರಲ್ಲಿ ಅದಕ್ಕೆ ‘ಓಕೆ’ ಎಂದಷ್ಟೇ ಉತ್ತರ.

ಇನ್ನೊಂದು ವಿಚಿತ್ರ. ಹಳೇ ಪ್ರೋಟೊಕಾಲಿನಲ್ಲಿ ಪ್ರತಿ ಮಾತುಕತೆಯೂ ‘ಒಂದು’ ಎಂಬ ಅಂಕಿಯಿಂದ ಶುರುವಾಗುತ್ತಿತ್ತು. ‘ನಾನು ಒಂದನೇ ವರ್ಷನ್ನಿನಲ್ಲಿ ಮಾತಾಡುತ್ತಿದ್ದೇನೆ’ ಎಂದು. ಎರಡನೆಯದೇ ಇಲ್ಲದಿರುವಾಗ ಒಂದು ಎಂದು ಹದಿನೈದು ವರ್ಷ ಹೇಳಿಕೊಂಡು ಬಂದಿದ್ದು ಯಾರಿಗಾಗಿ? ನಕ್ಕಿದ್ದೆ.

ಮದ್ದೂರು ಸುಲಭ. ಅಲ್ಲಿ ಹೊಸ ಕಂಪ್ಯೂಟರಿತ್ತು, ಹೊಸ ಪ್ರೋಗ್ರಾಂ ಹಾಕಿದೆ, ಮುಗಿಯಿತು. ತೊಂದರೆ ಮಳವಳ್ಳಿಯದು. ಅಲ್ಲಿಯ ಕಂಪ್ಯೂಟರ್ ಎಷ್ಟು ಹಳೆಯದೆಂದರೆ ಹೊಸ ಪ್ರೋಗ್ರಾಂ ಅದರಲ್ಲಿ ಕಣ್ಣೇ ಬಿಡುವುದಿಲ್ಲ. ಬೇರೆ ಕಂಪ್ಯೂಟರ್ ಬರಲು ಎರಡು ತಿಂಗಳಾದರೂ ಬೇಕು ಎಂದರು ಲ್ಯಾಬಿನ ಮಾಲೀಕರಾದ ಡಾಕ್ಟರು.

ನಾನು ವಾದ ಮಂಡಿಸಿದೆ. ಭಾನುವಾರ ಹಳೆಯದನ್ನು ಪೂರ್ತಿ ನಿಲ್ಲಿಸೋಣ. ಎರಡು ತಿಂಗಳು ಮಳವಳ್ಳಿಯವರು ಫೋನಿನಲ್ಲಿ ಹೇಳಲಿ, ಇಲ್ಲಿ ಬರೆದುಕೊಳ್ಳೋಣ. ಒಂದು ಸೆಂಟರಿಗೋಸ್ಕರ ಇಡೀ ಲ್ಯಾಬು ಹಿಂದೆ ಉಳಿಯಬೇಕೇ?

ಡಾಕ್ಟರು ಕನ್ನಡಕ ತೆಗೆದು ಒಂದೇ ಮಾತು ಹೇಳಿದರು. “ಮಳವಳ್ಳಿ ಒಂದು ದಿನವೂ ನಿಲ್ಲಬಾರದು.”

ಇದು ವಾದವೇ ಅಲ್ಲ, ತೀರ್ಪು. ಮುಖ ಊದಿಸಿಕೊಂಡು ಸರ್ವರಿನ ಬಾಗಿಲಲ್ಲಿ ಒಂದು ದುಭಾಷಿಯನ್ನು ಕೂರಿಸಿದೆ. ಬಂದವರು ‘ಎರಡು’ ಎಂದರೆ ಹೊಸ ಭಾಷೆಯಲ್ಲಿ ಮಾತು. ‘ಒಂದು’ ಎಂದರೆ ಹಳೇ ಭಾಷೆಯಲ್ಲೇ ಕೇಳಿಸಿಕೊಂಡು, ಒಳಗೆ ಹೊಸದಕ್ಕೆ ಬದಲಾಯಿಸಿ, ಉತ್ತರವನ್ನು ಮತ್ತೆ ಹಳೆಯದರಲ್ಲೇ ಕೊಡುವುದು. ತಿರುಗಿ ಓದುವುದೂ ಸೇರಿ. (ದಾರಿಯಲ್ಲಿ ಇಣುಕುವವರಿಗೆ ಕಾಣದಂತೆ ಮಳವಳ್ಳಿಯ ಕಂಪ್ಯೂಟರ್ ಪಕ್ಕ, ಅದರ ಮಾತನ್ನು ಲಕೋಟೆಗೆ ಹಾಕಿ ಕಳಿಸುವ ಒಂದು ಪುಟ್ಟ ಪೆಟ್ಟಿಗೆಯನ್ನೂ ಇಟ್ಟು ಬಂದೆ. ಅದರ ಕತೆ ಇಲ್ಲಿ ಬೇಡ.)

ಇದನ್ನು ಬರೆಯುವಾಗಲೇ ಒಂಬತ್ತನೇ ಕಾಲಂ ಕಣ್ಣಿಗೆ ಬಿದ್ದಿದ್ದು.

ಒಂಬತ್ತನೆಯದು ‘ಕಳಿಸಿದ ಡಾಕ್ಟರು’. ಮದ್ದೂರಿನ ದಾಖಲೆಗಳಲ್ಲಿ ಅಲ್ಲಿ ಡಾಕ್ಟರುಗಳ ಹೆಸರೇ ಇದ್ದವು. ಮಳವಳ್ಳಿಯವುಗಳಲ್ಲಿ? ‘ಕೆಂಪು 10.40 ರಾಜಣ್ಣ.’ ‘ಹಸ್ರು 2.15.’ ‘ಸರ್ಕಾರಿ 8 ಗಂಟೆ ಮುಂದಿನ ಸೀಟು.’ ಕೆಲವು ಕಡೆ ಖಾಲಿ.

ಕಸ ಎಂದುಕೊಂಡೆ. ಮಳವಳ್ಳಿ ಸೆಂಟರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಜಯಮ್ಮ. ನಾನು ಜಯಕ್ಕ ಅನ್ನುತ್ತೇನೆ. ಐವತ್ತು ದಾಟಿದ್ದಾರೆ, ರಕ್ತ ತೆಗೆಯುವುದರಲ್ಲಿ ಎತ್ತಿದ ಕೈ, ಟೈಪಿಂಗ್ ಒಂದೇ ಬೆರಳಿನಲ್ಲಿ. ಟ್ರೇನಿಂಗ್ ಇಲ್ಲ ಪಾಪ, ಏನೋ ಒಂದು ತುಂಬಿಸುತ್ತಾರೆ ಎಂದು ನಾನೇ ತೀರ್ಮಾನಿಸಿದೆ. ಕೇಳಿದೆನಾ? ಇಲ್ಲ. ಎಲ್ಲದಕ್ಕೂ ಪುರಾವೆ ಕೇಳುವವಳು ನನ್ನ ಊಹೆಗೆ ಮಾತ್ರ ಕೇಳಲಿಲ್ಲ.

ದುಭಾಷಿಗೆ ಒಂದು ಸಾಲು ಸೇರಿಸಿದೆ: ಒಂಬತ್ತರಲ್ಲಿ ಬಂದ ಹೆಸರು ಡಾಕ್ಟರುಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಅಳಿಸು.

ಆಮೇಲೆ ಪರೀಕ್ಷೆ. ಆರು ತಿಂಗಳ ಹಳೇ ಮಾತುಕತೆಯನ್ನೆಲ್ಲ ಹೊಸ ಸರ್ವರಿಗೆ ಮತ್ತೆ ಕೇಳಿಸಿದೆ. ಎಲ್ಲ ಪಾಸ್. ಪಾಸಾಗದೆ ಏನು? ಪ್ರಶ್ನೆಪತ್ರಿಕೆ ಬರೆದವಳೂ ನಾನೇ, ಮಾರ್ಕ್ಸ್ ಕೊಟ್ಟವಳೂ ನಾನೇ.

ಶನಿವಾರ ಜಯಕ್ಕನಿಗೆ ಫೋನ್ ಮಾಡಿ ಹೇಳಿದೆ. “ನಾಳೆ ಇಲ್ಲಿ ಸರ್ವರ್ ಬದಲಾಗುತ್ತೆ. ನಿಮಗೇನೂ ವ್ಯತ್ಯಾಸ ಗೊತ್ತಾಗಲ್ಲ.”

“ನಾನ್ ಬರ್ದಿದ್ದೆಲ್ಲ ಅಲ್ಲಿಗ್ ಬತ್ತದಾ?”

“ಎಲ್ಲ ಬರುತ್ತೆ ಜಯಕ್ಕ.”

“ಅಂಗಾರೆ ಸರಿ ಬುಡು.”

ಭಾನುವಾರ ಮಧ್ಯಾಹ್ನ ಬದಲಾಯಿಸಿದೆ. ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲೇ ಕೂತು ನೋಡಿದೆ. ಮದ್ದೂರು ಎರಡು ಎಂದಿತು, ಮಳವಳ್ಳಿ ಒಂದು ಎಂದಿತು, ಸರ್ವರ್ ಇಬ್ಬರಿಗೂ ಅವರವರ ಭಾಷೆಯಲ್ಲಿ ಉತ್ತರಿಸಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಹನ್ನೊಂದೂ ಮುಕ್ಕಾಲಿಗೆ ಫೋನು.

“ಏನವ್ವ, ನನ್ ಬಸ್ಸೆಲ್ಲಿ?”

“ಯಾವ ಬಸ್ಸು ಜಯಕ್ಕ?”

“ಒಂಬತ್ನೇದ್ರಲ್ಲಿ ಆಕಿದ್ನಲ್ಲ! ಮೂರ್ ಸತಿ ಆಕ್ದೆ. ಮೂರ್ ಸತೀನೂವೆ ತಿರುಗಿ ಓದುವಾಗ ಖಾಲಿ ತೋರುಸ್ತಾ ಅದೆ.”

ನಿಮಗೆ ಈಗಾಗಲೇ ಗೊತ್ತಾಗಿರಬೇಕು. ನನಗೆ ಆಗಿರಲಿಲ್ಲ. ನಾನು ವಾದಕ್ಕಿಳಿದೆ.

“ಅದು ಡಾಕ್ಟರ ಕಾಲಂ ಜಯಕ್ಕ. ಬಸ್ಸು ಬರೆಯೋಕಲ್ಲ.”

“ಇಲ್ಲಿರಾದೇ ಒಬ್ರು ಡಾಕ್ಟ್ರು ಕಣವ್ವ. ದಿನಾ ಅವ್ರ ಎಸ್ರೇ ಬರ್ದು ಯಾರ್ಗೆ ತೋರುಸ್ಲಿ? ಬಸ್ಸು ದಿನಾ ಬ್ಯಾರೆ. ಅದ್ನ ಬರೀದೆ ಇದ್ರೆ ಸಿದ್ದಣ್ಣ ಸ್ಟ್ಯಾಂಡಿಗ್ ಎಂಗ್ ಬತ್ತಾನೆ?”

“ಅದಕ್ಕೆ ಬೇರೆ ವ್ಯವಸ್ಥೆ ಮಾಡ್ಕೋಬೇಕಿತ್ತು. ನಿಯಮದ ಪ್ರಕಾರ...”

“ನಿಯ್ಮ ಮಡೀಕಂಡಿರವ್ವ ಆಮೇಕೆ ನೋಡವ. ಡಬ್ಬಿ ಅತ್ಸಿ ಆಗದೆ. ಬಾಣಂತಿ ರಕ್ತ ಅದೆ ಅದ್ರೊಳ್ಗೆ.”

ವಾದ ಬಿಟ್ಟು ವಿವರ ಕೇಳಿದೆ.

ಹೆರಿಗೆಯಾಗಿ ಹನ್ನೆರಡು ದಿನವಾದ ಹೆಂಗಸು. ನಾಲ್ಕು ದಿನದಿಂದ ಇಳಿಯದ ಜ್ವರ. ರಕ್ತದಲ್ಲೇ ಸೋಂಕು ಇರಬಹುದೆಂದು ಮಳವಳ್ಳಿಯ ಡಾಕ್ಟರಿಗೆ ಅನುಮಾನ. ಯಾವ ಕ್ರಿಮಿ, ಅದಕ್ಕೆ ಯಾವ ಔಷಧಿ ಎಂದು ತಿಳಿಯಲು ರಕ್ತ ಬೆಳೆಸಿ ನೋಡುವ ಪರೀಕ್ಷೆ. ಇದರಲ್ಲೊಂದು ಷರತ್ತಿದೆ: ಇಂಜೆಕ್ಷನ್ ಕೊಡುವ ಮುಂಚೆ ತೆಗೆದ ರಕ್ತವೇ ಬೇಕು. ಜಯಕ್ಕ ರಕ್ತ ತೆಗೆದಿದ್ದರು. ಆಮೇಲೆ ಇಂಜೆಕ್ಷನ್ನೂ ಆಗಿತ್ತು. ಇನ್ನು ಮತ್ತೆ ತೆಗೆದರೆ ಕ್ರಿಮಿ ಸಿಗುವ ಭರವಸೆ ಇಲ್ಲ. ಇದ್ದಿದ್ದು ಅದೊಂದೇ ಬಾಟಲಿ. ಅದು ಹತ್ತು ನಲವತ್ತರ ಬಸ್ಸಿನಲ್ಲಿ ಕೂತು ಹೊರಟಾಗಿತ್ತು.

ಹೊರಗೆ ಓಡಿದೆ. ಮಳವಳ್ಳಿಯ ಡಬ್ಬಿಯನ್ನು ಬಸ್‌ಸ್ಟ್ಯಾಂಡಿನಿಂದ ತರುವವರು ಸಿದ್ದಣ್ಣ, ಲ್ಯಾಬಿನ ಹಳೇ ನೌಕರ. ಬೆಂಚಿನ ಮೇಲೆ ಆರಾಮವಾಗಿ ಪೇಪರ್ ಓದುತ್ತಿದ್ದರು.

“ಸಿದ್ದಣ್ಣ, ಸ್ಟ್ಯಾಂಡಿಗೆ ಹೋಗಿಲ್ವಾ?”

“ಯಾಕವ್ವ ಓಗ್ಲಿ? ಚೀಟೀಲಿ ಬಸ್ಸೇ ಇಲ್ವಲ್ಲ.” ಜೇಬಿನಿಂದ ಪ್ರಿಂಟರ್ ಚೀಟಿ ತೆಗೆದು ಒಂಬತ್ತನೇ ಸಾಲಿನ ಮೇಲೆ ಬೆರಳಿಟ್ಟರು. “ಖಾಲಿ ಅದೆ ಅಂದ್ರೆ ಜಯಮ್ಮ ಇನ್ನೂ ಡಬ್ಬಿ ಅತ್ಸಿಲ್ಲ ಅಂತ.”

ನೋಡಿ, ಆ ಕಾಲಂನಲ್ಲಿ ಖಾಲಿಗೂ ಒಂದು ಅರ್ಥವಿತ್ತು! ಮೊದಲು ನಂಬರ್ ಪಡೆಯಲು ಜಯಕ್ಕ ಕಾಲಂ ಖಾಲಿ ಬಿಟ್ಟು ಕಳಿಸುವುದು. ಡಬ್ಬಿ ಬಸ್ಸು ಹತ್ತಿದ ಮೇಲೆ ಬಂದು ಬಸ್ಸಿನ ಹೆಸರು ತುಂಬುವುದು. ಆಗ ಇಲ್ಲಿ ಹೊಸ ಚೀಟಿ ಬರುವುದು, ಸಿದ್ದಣ್ಣ ಏಳುವುದು. ಇಬ್ಬರೂ ಕೂತು ಮಾತಾಡಿಕೊಂಡ ಕರಾರಲ್ಲ ಇದು. ಹದಿನೈದು ವರ್ಷದಲ್ಲಿ ತಾನಾಗಿ ಬೆಳೆದದ್ದು. ನಾನು ಬರೆದ ಪ್ರೋಟೊಕಾಲಿಗಿಂತ ಗಟ್ಟಿಯಾದ ಪ್ರೋಟೊಕಾಲು, ನನ್ನ ಕಣ್ಣೆದುರೇ ಇದ್ದು, ನನಗೆ ಕಸವಾಗಿ ಕಂಡಿತ್ತು.

“ಕಂಡಕ್ಟರ್ ನಂಬರ್ ಇದ್ಯಾ?”

“ಆ ರಾಜಣ್ಣ ಗಾಡೀಲಿರಾಗ ಫೋನ್ ಎತ್ತಾಕಿಲ್ಲ ಕಣವ್ವ. ಅದ್ಕೇ ಅಲ್ವಾ ಚೀಟಿ.”

ನನ್ನ ಸ್ಕೂಟರಿನಲ್ಲಿ ಹೊರಟೆವು. ಆ ಬಸ್ಸು ಮಂಡ್ಯದಲ್ಲಿ ಹತ್ತು ನಿಮಿಷ ನಿಂತು ನಾಗಮಂಗಲಕ್ಕೆ ಹೋಗುತ್ತದೆ. ತಪ್ಪಿದರೆ ಡಬ್ಬಿ ಸಂಜೆಯವರೆಗೆ ಇಂಜಿನ್ನಿನ ಬಿಸಿಯ ಪಕ್ಕದಲ್ಲೇ ಊರೂರು ಸುತ್ತಬೇಕು. ಹಾಗೆ ಬೆಂದ ಬಾಟಲಿಯ ರಿಪೋರ್ಟನ್ನು ಯಾವ ಡಾಕ್ಟರು ನಂಬುತ್ತಾರೆ? ಸಿಗ್ನಲ್ಲಿನಲ್ಲಿ ಕೆಂಪು ದೀಪ. ಹಿಂದೆ ಕೂತ ಸಿದ್ದಣ್ಣ, “ಎಲ್ಲ ನೀಟಾಗಿ ಮಾಡಿವ್ನಿ ಅಂತಿದ್ದಲ್ಲವ್ವ ಬೆಳಗ್ಗೆ,” ಎಂದರು. ಕುಟುಕಿದ್ದೋ, ಸಮಾಧಾನವೋ? ಇವತ್ತಿಗೂ ಗೊತ್ತಿಲ್ಲ.

ನಾವು ಸ್ಟ್ಯಾಂಡಿಗೆ ನುಗ್ಗಿದಾಗ ಕೆಂಪು ಬಸ್ಸು ರಿವರ್ಸ್ ತೆಗೆಯುತ್ತಿತ್ತು. ಸಿದ್ದಣ್ಣ ಇಳಿದವರೇ ಬಸ್ಸಿನ ಮೈಗೆ ದಬದಬ ಬಡಿದರು.

“ನಿಲ್ಸ್ಲಾ ರಾಜ! ಡಬ್ಬಿ ಕೊಡ್ಲಾ!”

ರಾಜಣ್ಣ ಬಾಗಿಲಲ್ಲಿ ನೇತಾಡುತ್ತಲೇ ಡಬ್ಬಿ ಇಳಿಸಿದರು. “ಎಲ್ಲೋಗಿದ್ದಲಾ? ಇನ್ನೊಂದ್ ನಿಮ್ಸ ಆಗಿದ್ರೆ ನಾಗ್ಮಂಗ್ಲ ನೋಡ್ಕ ಬರದು ನಿನ್ ಡಬ್ಬಿ.”

“ನನ್ನ್ ಕೇಳಬ್ಯಾಡ. ಈಯಮ್ಮುಂಗ್ ಕೇಳು.”

ಈಯಮ್ಮ ಆಗಲೇ ಸ್ಕೂಟರನ್ನು ಲ್ಯಾಬಿನ ಕಡೆ ತಿರುಗಿಸುತ್ತಿದ್ದಳು.

ಬಾಟಲಿ ಲ್ಯಾಬ್ ಸೇರಿತು. ಮೂರನೇ ದಿನ ಕ್ರಿಮಿ ಯಾವುದೆಂದು ಗೊತ್ತಾಯಿತು. ಮೊದಲು ಕೊಡುತ್ತಿದ್ದ ಔಷಧಿ ಅದಕ್ಕೆ ತಾಗುವುದಿಲ್ಲ ಎಂದೂ ಗೊತ್ತಾಯಿತು. ಮಳವಳ್ಳಿಯ ಡಾಕ್ಟರು ಅವತ್ತೇ ಔಷಧಿ ಬದಲಾಯಿಸಿದರು. ಜ್ವರ ಇಳಿಯಿತು. ತಾಯಿ ಮಗು ಮನೆಗೆ ಹೋದರು. ಆಕೆಯ ಮುಖ ನಾನು ನೋಡಿಲ್ಲ. ಹೆಸರು ಮಾತ್ರ ಗೊತ್ತು, ಒಂದನೇ ಕಾಲಂನಲ್ಲಿ ಓದಿ. ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ಸೋಮವಾರ ಸಂಜೆಯೇ ಜಯಕ್ಕನಿಗೆ ಫೋನ್ ಮಾಡಿ ಸಾರಿ ಕೇಳಿದ್ದೆ.

“ಸಾರಿ ಇಟ್ಕಂಡ್ ನಾನೇನ್ ಮಾಡ್ಲವ್ವ? ನಂಗೊಂದ್ ಕಾಲಂ ಕೊಡು.”

ಕೊಟ್ಟೆ. ಹೊಸ ವರ್ಷನ್ನಿನಲ್ಲಿ ಈಗ ‘ಬಸ್ಸು’ ಎಂದೇ ಒಂದು ಕಾಲಂ ಇದೆ. ಮಳವಳ್ಳಿಯಿಂದ ಹಳೇ ಭಾಷೆಯಲ್ಲಿ ಒಂಬತ್ತರಲ್ಲಿ ಬಂದಿದ್ದನ್ನು ದುಭಾಷಿ ಒಂದಕ್ಷರ ಮುಟ್ಟದೆ ಅಲ್ಲಿಗೆ ಸೇರಿಸುತ್ತದೆ. ‘ಹಸ್ರು’ ಎಂದರೆ ಹಸ್ರು. ತಿದ್ದಲು ನಾನ್ಯಾರು?

ಆದರೆ ನನಗೆ ನಿದ್ದೆಗೆಡಿಸಿದ್ದು ಬೇರೆ ಪ್ರಶ್ನೆ. ಡಾಕ್ಟರು ನನ್ನ ವಾದ ಒಪ್ಪಿ ಭಾನುವಾರವೇ ಹಳೆಯದನ್ನು ಕಿತ್ತುಹಾಕಲು ಬಿಟ್ಟಿದ್ದರೆ? ತಿರುಗಿ ಓದುವ ಅಭ್ಯಾಸವೂ ಹೋಗುತ್ತಿತ್ತು. ಹೊಸ ಕಂಪ್ಯೂಟರ್ ಬಂದ ದಿನ ಜಯಕ್ಕನಿಗೆ ನನ್ನ ಚೊಕ್ಕ ‘ಓಕೆ’ ಸಿಗುತ್ತಿತ್ತು. ಬಸ್ಸಿನ ಹೆಸರನ್ನು ಅಳಿಸಿ ಹಾಕಿ, ಮುಖದ ಮೇಲೆ ನಗು ಇಟ್ಟುಕೊಂಡು ಹೇಳುವ ‘ಓಕೆ’. ಮದ್ದೂರಿನವರಿಗೆ ನಾನು ಅದನ್ನೇ ಕೊಟ್ಟುಬಿಟ್ಟಿದ್ದೆ. (ಅವರ ಡಬ್ಬಿ ಲ್ಯಾಬಿನ ಗಾಡಿಯಲ್ಲೇ ಬರುತ್ತದೆ, ಬಚಾವ್.) ನಾನು ದಂಡ ಎಂದುಕೊಂಡಿದ್ದೇ ನನ್ನ ತಪ್ಪನ್ನು ಹಿಡಿದುಕೊಟ್ಟಿತ್ತು. ನಾನು ಒಲ್ಲದ ಮನಸ್ಸಿನಿಂದ ಉಳಿಸಿದ್ದೇ ನನ್ನನ್ನು ಉಳಿಸಿತ್ತು.

ಹಾಗಾದರೆ ಅದನ್ನು ಇಟ್ಟವರು ಯಾರು?

ವಿಚಾರಿಸಿದೆ. ಹಳೇ ಪ್ರೋಗ್ರಾಂ ಬರೆದವರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು. ನಿಡಘಟ್ಟದಲ್ಲಿದ್ದಾರೆ. ಒಂದು ಭಾನುವಾರ ಹೋದೆ. ಹಿತ್ತಲಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಹರಡಿಕೊಂಡು ಕೂತಿದ್ದರು. ಬಂದ ಕಾರಣ ಹೇಳಿದೆ. ಬಸ್ಸಿನ ಕತೆ ಕೇಳಿ ಬಹಳ ನಕ್ಕರು.

“ಅದು ಡಾಕ್ಟ್ರ ಕಾಲಂ ಅಂತ್ಲೇ ನಾನೂ ಮಾಡಿದ್ದು ಕಣಮ್ಮ. ಬಸ್ಸು ಅತ್ತದೆ ಅಂತ ನಂಗೇನ್ ಗೊತ್ತು?”

“ಮತ್ತೆ ಪ್ರತಿ ಸಲ ಎಲ್ಲ ತಿರುಗಿ ಓದೋ ಹಾಗೆ ಯಾಕೆ ಮಾಡಿದ್ರಿ ಸಾರ್?”

“ಕ್ಲಾಸ್ನಲ್ಲಿ ‘ಅರ್ಥ ಆಯ್ತಾ’ ಅಂದ್ರೆ ಎಲ್ಲರೂ ‘ಆಯ್ತು ಸಾರ್’ ಅಂತಾರೆ. ಏನ್ ಅರ್ಥ ಆಯ್ತು, ತಿರುಗಿ ಹೇಳು ಅಂದ್ರೆ ತಾನೇ ಗೊತ್ತಾಗದು?”

ನನ್ನ ಚರ್ಚಾಸ್ಪರ್ಧೆಯ ಕಪ್ಪುಗಳೆಲ್ಲ ಕಣ್ಣ ಮುಂದೆ ಬಂದವು. ಎದುರಾಳಿಯ ಮಾತನ್ನು ಕತ್ತರಿಸಲು ಕಲಿತೆ, ತಿರುಚಲು ಕಲಿತೆ, ಮೂವತ್ತು ಸೆಕೆಂಡಿನಲ್ಲಿ ಖಂಡಿಸಲು ಕಲಿತೆ. ‘ನೀವು ಹೇಳಿದ್ದು ಇದೇ ತಾನೆ?’ ಎಂದು ಒಮ್ಮೆ ತಿರುಗಿ ಹೇಳಿ ಆಮೇಲೆ ಖಂಡಿಸಬೇಕೆಂದು ಯಾರೂ ಕಲಿಸಲಿಲ್ಲ. ಜಯಕ್ಕನ ಫೋನಿನಲ್ಲಿ ಆ ಒಂದು ವಾಕ್ಯ ಹೇಳಿದ್ದರೆ ಐದು ನಿಮಿಷ ಉಳಿಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಹತ್ತಿರ ಇದ್ದಿದ್ದು ಒಂದು ನಿಮಿಷ.

“ಇನ್ನೊಂದು ಸಾರ್. ಎರಡನೇ ವರ್ಷನ್ ಇರಲೇ ಇಲ್ಲ. ‘ಒಂದು’ ಅಂತ ಯಾಕೆ ಹೇಳಿಸಿದ್ರಿ?”

ಸ್ಟಾರ್ಟರಿನ ಸ್ಪ್ರಿಂಗು ಹುಡುಕುತ್ತಾ, ತಲೆ ಎತ್ತದೆ ಹೇಳಿದರು. “ನಾನ್ ಬರ್ದಿದ್ರಲ್ಲಿ ತಪ್ಪಿರ್ತದೆ ಅಂತ ಗೊತ್ತಿತ್ತು. ತಿದ್ದಕ್ಕೆ ಯಾರೋ ಒಬ್ರು ಬತ್ತಾರೆ ಅಂತಾನೂ ಗೊತ್ತಿತ್ತು. ಅವ್ರಿಗೆ ನಿಂತ್ಕೊಳ್ಳಕ್ಕೆ ಒಂಚೂರು ಜಾಗ ಬೇಕಲ್ವಾ? ನೀನ್ ಬಂದೆ.”

ಹದಿನೈದು ವರ್ಷದ ಹಿಂದೆ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. ಆಗಲೇ ಒಬ್ಬರು ನನಗೆ ಜಾಗ ಬಿಟ್ಟು ಕೂತಿದ್ದರು. ನಾನು ಬಂದು, ಆ ಜಾಗದಲ್ಲೇ ನಿಂತು, ಅವರನ್ನು ನೋಡಿ ನಕ್ಕಿದ್ದೆ. ಅವರು ‘ಒಂದು’ ಅನ್ನದಿದ್ದರೆ ನನ್ನ ಸರ್ವರಿಗೆ ಯಾವುದು ಹಳೇ ಮಾತು, ಯಾವುದು ಹೊಸದು ಎಂದು ಗೊತ್ತಾಗುವ ದಾರಿಯೇ ಇರಲಿಲ್ಲ. ಮೊದಲಲ್ಲಿ ಹೇಳಿದ ಥ್ಯಾಂಕ್ಸ್ ಇವರಿಗೇ.

ಬದಲಾವಣೆ ಬೇಡವೆಂದು ನಾನು ಹೇಳುತ್ತಿಲ್ಲ. ಹಾಗೆ ಅರ್ಥ ಮಾಡಿಕೊಂಡು ನನ್ನನ್ನು ಸನ್ಮಾನಕ್ಕೆ ಕರೆಯಬೇಡಿ. ಬದಲಾಯಿಸುವವರಿಗೆ ಒಂದು ಪ್ರಶ್ನೆ ಇದೆ, ಅಷ್ಟೆ. ‘ನಿಮ್ಮ ಫೋನು ಹಳೆಯದು, ಈ ಆ್ಯಪ್ ಇನ್ನು ಓಡುವುದಿಲ್ಲ’ ಎಂಬ ಸಂದೇಶ ನಿಮಗೂ ಬಂದಿರುತ್ತದೆ. ‘ಇಂದಿನಿಂದ ಹೊಸ ಫಾರಂ, ಹಳೆಯದು ತಗೊಳ್ಳಲ್ಲ’ ಎಂದು ಕೌಂಟರಿನಲ್ಲಿ ವಾಪಸ್ ಕಳಿಸಿಕೊಂಡು, ಬಿಸಿಲಲ್ಲಿ ಬಂದ ದಾರಿಯಲ್ಲೇ ನಡೆದಿರುತ್ತೀರಿ. ಹಾಗೆ ಬರೆದವರು ಕೆಟ್ಟವರೇನಲ್ಲ. ನನ್ನಂಥವರೇ. ತಮ್ಮ ಮೇಜಿನಿಂದ ಕಾಣದ್ದನ್ನು ಕಸ ಎಂದುಕೊಂಡವರು. ಆ ಕಸದೊಳಗೆ ಯಾರ ಬಸ್ಸು ಬರುತ್ತಿದೆಯೋ ಅವರಿಗೇನು ಗೊತ್ತು?

ಮಳವಳ್ಳಿಗೆ ಮೊನ್ನೆ ಹೊಸ ಕಂಪ್ಯೂಟರ್ ಹೋಯಿತು. ನಾನೇ ಹೋಗಿ ಕೂರಿಸಿ ಬಂದೆ, ಹತ್ತು ನಲವತ್ತರ ಕೆಂಪು ಬಸ್ಸಿನಲ್ಲೇ ವಾಪಸ್. ಜಯಕ್ಕ ಮೊದಲ ದಾಖಲೆ ಕಳಿಸಿ, ಒಂದೇ ಬೆರಳಿನಲ್ಲಿ ಬಸ್ಸು ತುಂಬಿ, ಕನ್ನಡಕ ಏರಿಸಿಕೊಂಡು ಸ್ಕ್ರೀನ್ ನೋಡಿದರು. ಸರ್ವರ್ ಎಲ್ಲವನ್ನೂ ತಿರುಗಿ ಓದಿ ಹೇಳಿತು. ಹೌದು, ‘ಓಕೆ’ ತೆಗೆದುಹಾಕಿದೆ. ಮದ್ದೂರಿಗೂ ಸೇರಿಸಿ.

“ಈಗ್ ಸರಿ ಅದೆ,” ಎಂದರು ಜಯಕ್ಕ. ನನ್ನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಕಪ್ಪು ನಾನು ಗೆದ್ದಿಲ್ಲ.

ಮಳವಳ್ಳಿಯ ಕಂಪ್ಯೂಟರ್ ಈಗ ‘ಎರಡು’ ಎಂದು ಮಾತು ಶುರುಮಾಡುತ್ತದೆ. ಯಾವತ್ತೋ ಒಂದು ದಿನ ನನ್ನ ತಪ್ಪುಗಳನ್ನು ತಿದ್ದಲು ಬಂದು ‘ಮೂರು’ ಅನ್ನುವ ಪುಣ್ಯಾತ್ಗಿತ್ತಿಯೇ, ನಿನಗೂ ನಿಲ್ಲಲು ಜಾಗ ಬಿಟ್ಟಿದ್ದೇನೆ. ಕಸ ಕಂಡರೆ, ಅಳಿಸುವ ಮುಂಚೆ ಮಳವಳ್ಳಿಗೊಂದು ಫೋನ್ ಮಾಡುತ್ತೀಯಾ?